ಎರಡು ಸಲ ತಟ್ಟಬೇಕು

ಆ ಬೀದಿಯಲ್ಲಿ ವಿಳಾಸ ಕೇಳಿಕೊಂಡು ಬಂದವರಿಗೆ ಯಾರೂ ಮನೆಯ ನಂಬರು ಹೇಳುತ್ತಿರಲಿಲ್ಲ. "ಹೀಗೇ ಮುಂದೆ ಹೋಗಿ, ಅಂಗಳದಲ್ಲಿ ಅಳಿಲು ಕೂತಿರುತ್ತೆ, ಅದೇ ಮನೆ" ಎನ್ನುತ್ತಿದ್ದರು. ಹೊಸಬರು ಪಾಪ, ಮರಗಳ ಮೇಲೆ ಕಣ್ಣಾಡಿಸುತ್ತಾ ಬಂದು, ಕೊನೆಗೆ ಒಂದು ಕೆಂಪು ಕಾರಿನ ಮುಂದೆ ನಿಂತು ನಗುತ್ತಿದ್ದರು. ಅದರ ಮೂತಿಯ ಮೇಲೆ ಬಾಲ ಎತ್ತಿಕೊಂಡು ಕೂತ ಪುಟ್ಟ ಬೆಳ್ಳಿ ಬಣ್ಣದ ಅಳಿಲು. ಅದು ಆ ಕಂಪನಿಯ ಗುರುತು. ಕಂಪನಿಗೆ ಇಷ್ಟುದ್ದದ ಹೆಸರೇನೋ ಇತ್ತು, ಆದರೆ ಆ ಮನೆಯಲ್ಲಿ ಮೂರು ತಲೆಮಾರಿನಿಂದ ಅದನ್ನು ಅಳಿಲು ಎಂದಷ್ಟೇ ಕರೆಯುತ್ತಿದ್ದರು.

ಮನೆಯ ಯಜಮಾನರು ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದರು. ಊರಿನ ಬಾಯಲ್ಲಿ ಅವರು ಅಳಿಲು ಮೇಷ್ಟ್ರು. ಅವರ ತಂದೆ ಓಡಿಸುತ್ತಿದ್ದ ಹಸಿರು ಟ್ಯಾಕ್ಸಿ ಮೊದಲನೇ ಅಳಿಲು. ಮೇಷ್ಟ್ರು ಸ್ಕೂಲು ತೆರೆದಾಗ ಕೊಂಡ ಕೆನೆ ಬಣ್ಣದ್ದು ಎರಡನೆಯದು. ಆಮೇಲೆ ನೀಲಿ, ಅದರ ನಂತರ ಈ ಕೆಂಪು. ನಡುವೆ ಬೇರೆ ಕಂಪನಿಗಳು ಬಂದವು, ಹೋದವು, ಬೀದಿ ತುಂಬ ಹೊಸ ಹೊಸ ಮೂತಿಯ ಕಾರುಗಳು ತುಂಬಿಕೊಂಡವು. ಮೇಷ್ಟ್ರು ಅವುಗಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ಕೊನೆಗೆ ಅಳಿಲಿನ ಕಾರ್ಖಾನೆಯೇ ಬಾಗಿಲು ಹಾಕಿದರೂ ಅವರ ನಿಷ್ಠೆ ಮಾತ್ರ ಬಾಗಿಲು ಹಾಕಲಿಲ್ಲ. ಬಿಡಿಭಾಗ ಬೇಕಾದಾಗ ಪಕ್ಕದ ಊರಿನ ಗುಜರಿ ಅಂಗಡಿಗೆ ಹೋಗಿ, ಹಳೆಯ ಕಬ್ಬಿಣದ ರಾಶಿಯಲ್ಲಿ ಅರ್ಧ ದಿನ ಹುಡುಕಿ, ಗೆದ್ದವರ ಹಾಗೆ ಮೈಯೆಲ್ಲ ಮಸಿ ಮಾಡಿಕೊಂಡು ಬರುತ್ತಿದ್ದರು.

ಅಳಿಲಿಗೆ ಎರಡು ವಿಶೇಷಗಳಿದ್ದವು. ಒಂದು, ಅದರ ಗೇರು. ಕೋಲನ್ನು ಎಡಕ್ಕೆ ಒತ್ತಿ ಮೇಲಕ್ಕೆ ತಳ್ಳಿದರೆ ಊರಿನ ಬೇರೆಲ್ಲ ಕಾರುಗಳಲ್ಲೂ ಮೊದಲನೇ ಗೇರು ಬೀಳುತ್ತದೆ, ಕಾರು ಮುಂದಕ್ಕೆ ಹೋಗುತ್ತದೆ. ಅಳಿಲಿನಲ್ಲಿ ಅದೇ ಜಾಗದಲ್ಲಿ ರಿವರ್ಸ್. ಇನ್ನೊಂದು, ಹೊರಡುವ ಮೊದಲು ಡ್ಯಾಶ್‌ಬೋರ್ಡನ್ನು ಅಂಗೈಯಿಂದ ಎರಡು ಸಲ ತಟ್ಟಬೇಕು. ನಿಜ ಹೇಳಬೇಕೆಂದರೆ ಇದು ಅಳಿಲಿನ ವಿಶೇಷವಲ್ಲ, ಆ ಮನೆಯವರದು. ಹಸಿರು ಟ್ಯಾಕ್ಸಿಯಲ್ಲಿ ಒಂದು ತಂತಿ ಸಡಿಲವಾಗಿತ್ತು. ತಟ್ಟಿದರೆ ಅದು ಸರಿಯಾಗಿ ಕೂತು ಕಾರು ಹೊರಡುತ್ತಿತ್ತು. ಟ್ಯಾಕ್ಸಿ ಹೋಯಿತು, ತಂತಿ ಹೋಯಿತು, ತಟ್ಟುವುದು ಮಾತ್ರ ಉಳಿಯಿತು. ಮೇಷ್ಟ್ರು ಕಲಿಯಲು ಬಂದವರಿಗೆಲ್ಲ ಬೆಲ್ಟು, ಕನ್ನಡಿ, ಕ್ಲಚ್ಚು ಎಂದು ಹೇಳಿದ ಮೇಲೆ, "ಈಗ ಎರಡು ಸಲ ತಟ್ಟು" ಎನ್ನುತ್ತಿದ್ದರು. ಯಾಕೆ ಎಂದು ಕೇಳಿದವರಿಗೆ, "ಕಾರಿಗೆ ಹೇಳಿ ಹೊರಡಬೇಕಪ್ಪ, ಹೇಳದೆ ಕೇಳದೆ ಹೊರಟರೆ ಯಾರಿಗೆ ತಾನೇ ಇಷ್ಟವಾಗುತ್ತೆ?" ಎಂದು ಉತ್ತರ.

ಇಂಥ ಮನೆಯಲ್ಲಿ ಜಗಳ ಹತ್ತಿಸಿದ್ದು ಒಬ್ಬ ಹಲ್ಲಿನ ಡಾಕ್ಟರಮ್ಮ.

ಆಕೆ ಮೇಷ್ಟ್ರ ಹತ್ತಿರ ಕಲಿತು, ಮೊದಲ ಸಲಕ್ಕೇ ಲೈಸೆನ್ಸು ಗಿಟ್ಟಿಸಿ, ಮಾರನೇ ದಿನವೇ ಹೊಸ ಕಾರು ಕೊಂಡರು. ಪೇಟೆಯಲ್ಲಿ ಹೂವಿನಂಗಡಿಯ ಮುಂದೆ ನಿಲ್ಲಿಸಿದರು. ಹೊರಡುವಾಗ ಹಿಂದಕ್ಕೆ ತೆಗೆಯಬೇಕಿತ್ತು. ಮೇಷ್ಟ್ರು ಕಲಿಸಿದ ಹಾಗೆ ಕೋಲನ್ನು ಎಡಕ್ಕೆ ಒತ್ತಿ ಮೇಲಕ್ಕೆ ತಳ್ಳಿದರು. ಕಾರು ಸೀದಾ ಮುಂದಕ್ಕೆ ನುಗ್ಗಿ ಹೂವಿನ ಬಕೆಟ್ಟುಗಳನ್ನೆಲ್ಲ ಮಗುಚಿ ಹಾಕಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಹೂವಿನಂಗಡಿಯವನು ಡಾಕ್ಟರಮ್ಮನನ್ನು ಬಿಟ್ಟು ನೇರವಾಗಿ ಮೇಷ್ಟ್ರ ಮನೆಗೇ ಬಂದ.

"ನಿಮ್ಮ ಸ್ಕೂಲಿನವರು ಬಂದ್ರೆ ನಾನು ಮೊದಲು ಅಂಗಡಿ ಒಳಗೆ ಎತ್ತಿಡಬೇಕಾ ಮೇಷ್ಟ್ರೇ?" ಎಂದು ಬಾಗಿಲಲ್ಲೇ ನಿಂತು ಕೂಗಾಡಿ ಹೋದ.

ರಾತ್ರಿಯ ಊಟಕ್ಕೆ ನಾಲ್ವರೂ ಮೇಜಿನ ಸುತ್ತ ಕೂತಿದ್ದರು. ಮೇಷ್ಟ್ರು, ಅವರ ಹೆಂಡತಿ, ಮಗಳು, ಮತ್ತು ಮೇಷ್ಟ್ರ ತಾಯಿ, ಅಂದರೆ ಅಜ್ಜಿ. ಮಗಳೂ ಅದೇ ಸ್ಕೂಲಿನಲ್ಲಿ ಕಲಿಸುತ್ತಿದ್ದಳು. ಬೆಳಗಿನ ಪಾಳಿ ಅವಳದು, ಸಂಜೆಯದು ಅಪ್ಪನದು. ಕಲಿಯುವವರು ಅವಳನ್ನು ಚಿಕ್ಕ ಮೇಷ್ಟ್ರು ಎನ್ನುತ್ತಿದ್ದರು.

"ಅಪ್ಪ, ಕಾರು ಬದಲಾಯಿಸೋಣ" ಎಂದಳು ಮಗಳು, ತಟ್ಟೆಯಲ್ಲಿದ್ದ ಬೆಂದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಾ.

"ಯಾಕೆ? ಬಕೆಟ್ಟು ಬೀಳಿಸಿದ್ದು ಅಳಿಲಾ?"

"ಅಳಿಲಿನ ಗೇರು. ನಾವು ಕಲಿಸೋ ಗೇರು ಈಗ ಯಾವ ಕಾರಲ್ಲೂ ಇಲ್ಲ. ಫೋನ್ ಮಾಡಿದವರು ಮೊದಲು ಕೇಳೋದೇ ಯಾವ ಕಾರು ಅಂತ. ಹೇಳಿದ ತಕ್ಷಣ ಇಡ್ತಾರೆ."

"ನೋಡದೆ ಗೇರು ಹಾಕಿದ್ದು ಆಕೆ ತಪ್ಪು. ಹಲ್ಲು ಕೀಳುವಾಗ ನೋಡದೆ ಕೀಳ್ತಾರಾ?"

"ಅಪ್ಪ, ಕೈಗೆ ಅಭ್ಯಾಸ ಮಾಡಿಸಿದ್ದು ನಾವು. ಇನ್ನೊಂದು ವಿಷಯ, ಆ ತಟ್ಟೋದನ್ನ ನಾನು ಹೇಳಿಕೊಡೋದು ಬಿಟ್ಟು ಆರು ತಿಂಗಳಾಯ್ತು. ಜನ ನಗ್ತಾರೆ."

ಮೇಷ್ಟ್ರ ಕೈಯಲ್ಲಿದ್ದ ತುತ್ತು ತಟ್ಟೆಗೆ ವಾಪಸು ಹೋಯಿತು. ಗೇರಿನ ಮಾತಿಗಿಂತ ಈ ಮಾತು ಅವರಿಗೆ ಹೆಚ್ಚು ನಾಟಿತು.

"ನಿಮ್ಮ ತಾತ ತಟ್ಟಿ ತಟ್ಟಿ ಈ ಮನೆ ಕಟ್ಟಿದ್ದು" ಎಂದರು.

"ಇಟ್ಟಿಗೆಯಲ್ಲಿ ಕಟ್ಟಿದ್ದು ಕಣೋ" ಎಂದಿತು ಅಜ್ಜಿ. "ಸುಮ್ಮನೆ ಊಟ ಮಾಡಿ ಇಬ್ಬರೂ."

ಅಂದಿನಿಂದ ಅಪ್ಪ ಮಗಳ ನಡುವೆ ಮಾತು ನಿಂತಿತು. ಮನೆಯಲ್ಲಿ ಮೇಷ್ಟ್ರ ಹೆಂಡತಿಗೆ ಹೊಸ ಕೆಲಸ ಹುಟ್ಟಿಕೊಂಡಿತು. ಬಟ್ಟೆ ಒಣಹಾಕುತ್ತಿದ್ದರೆ, "ನಿನ್ನ ಮಗಳಿಗೆ ಹೇಳು, ಹಿಂದಿನ ಟೈರಿಗೆ ಗಾಳಿ ಕಡಿಮೆ ಇದೆ" ಎಂದು ಕಿಟಕಿಯಿಂದ ಒಂದು ದನಿ. ಒಳಗೆ ಬಂದರೆ, "ಅಪ್ಪಂಗೆ ಹೇಳಮ್ಮ, ಗಾಳಿ ನಿನ್ನೆಯೇ ಹಾಕಿಸಿದೀನಿ" ಎಂದು ಇನ್ನೊಂದು. ಮೂರು ಜನ ಒಂದೇ ಕೋಣೆಯಲ್ಲಿ ಇದ್ದಾಗಲೂ ಮಾತು ಆಕೆಯ ಮೂಲಕವೇ ಸುತ್ತಿ ಹೋಗಬೇಕು. ಒಂದು ದಿನ ಆಕೆಗೂ ಸಾಕಾಗಿ ಹೋಯಿತು.

"ಅವಳ ಕಿವಿ ಇಲ್ಲೇ ಇದೆ, ನಿಮ್ಮ ಬಾಯಿ ಇಲ್ಲೇ ಇದೆ. ನಾನೇನು ನಿಮ್ಮಿಬ್ಬರ ಪೋಸ್ಟಾಫೀಸಾ?" ಎಂದು ಸೌಟನ್ನು ಮೇಜಿನ ಮೇಲೆ ಕುಕ್ಕಿದಳು. ಆ ದಿನ ಯಾರಿಗೂ ಎರಡನೇ ಸಲ ಬಡಿಸಲಿಲ್ಲ.

ಎರಡು ವಾರ ಹೀಗೇ ಕಳೆಯಿತು. ಮೇಷ್ಟ್ರ ಸಂಜೆಯ ಪಾಳಿಯಲ್ಲಿ ಉಳಿದದ್ದು ಒಬ್ಬಳೇ ವಿದ್ಯಾರ್ಥಿನಿ, ನಿವೃತ್ತ ನರ್ಸು. ಆಕೆಗೆ ಕಾರು ಕೊಳ್ಳುವ ಯೋಚನೆ ಇರಲಿಲ್ಲ, ಮನೆಯಲ್ಲಿ ಬೇಜಾರು ಎಂದು ಬರುತ್ತಿದ್ದಳು. ಅವಳನ್ನು ಬಿಟ್ಟು ಮನೆಗೆ ಬಂದ ಒಂದು ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಇದನ್ನ ಮಗಳು ಹೇಳು ಅಂದಿಲ್ಲ, ನಾನೇ ಹೇಳ್ತಿದೀನಿ. ಊರಿನ ಆಚೆ ಕಡೆಯ ಸ್ಕೂಲಿನವರು ಅವಳನ್ನ ಕರೆದಿದಾರೆ. ಬರೋ ತಿಂಗಳಿಂದ ಹೋಗ್ತಾಳಂತೆ. ಅಲ್ಲೇ ಹತ್ತಿರ ಒಂದು ರೂಮು ಮಾಡ್ಕೋತಾಳಂತೆ."

"ಹೋಗಲಿ" ಎಂದರು ಮೇಷ್ಟ್ರು. ಅಂದುಬಿಟ್ಟು, ಒಳಗೆ ಬರುವ ಬದಲು ಮತ್ತೆ ಅಂಗಳಕ್ಕೆ ಹೋಗಿ ಕಾರಿನಲ್ಲಿ ಕೂತರು.

ಈ ಮಗಳು ಹುಟ್ಟಿದಾಗ ಆಸ್ಪತ್ರೆಯಿಂದ ಕೆನೆ ಅಳಿಲಿನಲ್ಲಿ ಕರೆತಂದದ್ದು ಅವರೇ. ನಡೆಯುವವರು ಕಾರನ್ನು ದಾಟಿ ಮುಂದೆ ಹೋಗುತ್ತಿದ್ದರು, ಅಷ್ಟು ನಿಧಾನ. ಹಿಂದಿನ ಸೀಟಿನಲ್ಲಿ ಅಜ್ಜಿ, "ಮಗು ಸ್ಕೂಲಿಗೆ ಸೇರೋ ಹೊತ್ತಿಗಾದ್ರೂ ಮನೆ ತಲುಪ್ತೀವೇನೋ?" ಎಂದು ಗೊಣಗುತ್ತಿತ್ತು. ಆಮೇಲೆ ಹಲ್ಲು ಬರುವಾಗ ಮಗು ಊರು ಒಂದು ಮಾಡುವ ಹಾಗೆ ಅಳುತ್ತಿತ್ತು. ತೊಟ್ಟಿಲು, ತೋಳು, ಹಾಡು ಯಾವುದಕ್ಕೂ ಬಗ್ಗುತ್ತಿರಲಿಲ್ಲ. ಅಳಿಲಿನಲ್ಲಿ ಕೂರಿಸಿ ಬೀದಿಯಲ್ಲಿ ಎರಡು ಸುತ್ತು ಹಾಕಿದರೆ ಸಾಕು, ನಿದ್ದೆ. ತುಸು ದೊಡ್ಡವಳಾದ ಮೇಲೆ ಅಪ್ಪನ ತೊಡೆಯ ಮೇಲೆ ಕೂತು, ನಿಂತ ಕಾರಿನ ಸ್ಟಿಯರಿಂಗ್ ತಿರುಗಿಸುತ್ತಾ ಎಷ್ಟು ದೇಶ ಸುತ್ತಿದ್ದಳೋ. ಪ್ರತಿ ಪ್ರಯಾಣಕ್ಕೂ ಮೊದಲು ಆ ಪುಟ್ಟ ಅಂಗೈ ಡ್ಯಾಶ್‌ಬೋರ್ಡಿನ ಮೇಲೆ ಎರಡು ಸಲ ಬೀಳುತ್ತಿತ್ತು. ಅವರು ಮರೆತರೆ ಅವಳು ನೆನಪಿಸುತ್ತಿದ್ದಳು. "ಅಪ್ಪ, ಕಾರಿಗೆ ಹೇಳಿಲ್ಲ!"

ಅದನ್ನೆಲ್ಲ ಅವಳು ಹೇಗೆ ಬಿಟ್ಟಳು ಎಂಬುದೇ ಮೇಷ್ಟ್ರ ಸಂಕಟ.

ಪಕ್ಕದ ಬಾಗಿಲು ತೆರೆಯಿತು. ಅಜ್ಜಿ ಕೋಲನ್ನು ಮೊದಲು ಒಳಗಿಟ್ಟು, ಆಮೇಲೆ ತಾನು ಕೂತು, ಬಾಗಿಲು ಎಳೆದುಕೊಂಡಿತು.

"ಎಲ್ಲಿಗೆ ಹೊರಟಿದೀಯೋ?"

"ಎಲ್ಲಿಗೂ ಇಲ್ಲಮ್ಮ."

"ಹಾಗಾದ್ರೆ ಆರಾಮಾಗಿ ಮಾತಾಡಬಹುದು. ನಿಮ್ಮಪ್ಪ ಅಳಿಲನ್ನೇ ಯಾಕೆ ಕೊಂಡರು, ಗೊತ್ತಾ ನಿಂಗೆ?"

"ಗಟ್ಟಿ ಕಾರು ಅಂತ. ನಂಬಿಕೆಯ ಕಾರು ಅಂತ. ಚಿಕ್ಕಂದಿನಿಂದ ಕೇಳ್ತಿದೀನಲ್ಲ."

"ಮಣ್ಣು! ಅವರಿಗೆ ಬೇಕಾಗಿದ್ದು ಬೇರೆ ಕಾರು. ಉದ್ದ ಮೂತಿದು, ಕಪ್ಪು ಬಣ್ಣದ್ದು. ಅವತ್ತು ಅಂಗಡೀಲಿ ಅದು ಖಾಲಿಯಾಗಿತ್ತು. ಅಳಿಲೊಂದು ಉಳಿದಿತ್ತು, ಆ ಹಸಿರು ಯಾರಿಗೂ ಬೇಡವಾಗಿತ್ತು. ತಂದು ನಿಲ್ಲಿಸಿ ಒಂದು ತಿಂಗಳು ಮುಖ ಊದಿಸಿಕೊಂಡಿದ್ದರು. ತಟ್ಟಿದ್ದು ಪ್ರೀತಿಯಿಂದ ಅಂದ್ಕೊಂಡಿದೀಯಾ? ಸಿಟ್ಟಿಂದ ಗುದ್ದಿದ್ದು. ಗುದ್ದಿದ ಕೂಡಲೇ ಹೊರಡ್ತು."

ಐವತ್ತು ವರ್ಷ ತಲೆಯ ಮೇಲೆ ಹೊತ್ತ ನಿಷ್ಠೆಯ ಬುಡ ಹೀಗಿತ್ತೇ?

"ಮತ್ತೆ ನನಗೂ ಅದನ್ನೇ ಕೊಳ್ಳು ಅಂತ ಯಾಕೆ ಹೇಳಿದ್ರು?"

"ಅಷ್ಟು ಹೊತ್ತಿಗೆ ಇಷ್ಟ ಆಗಿಬಿಟ್ಟಿತ್ತಲ್ಲ. ನನ್ನ ವಿಷಯವೂ ಹಾಗೇ. ಅವರು ಮೊದಲು ಕೇಳಿದ್ದು ನಮ್ಮಕ್ಕನ್ನ. ಅವಳು ಒಲ್ಲೆ ಅಂದಳು." ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕಿತು. "ಕೊನೆ ತನಕ ನನ್ನ ಬಿಟ್ಟು ಒಂದು ದಿನ ಇದ್ದವರಲ್ಲ. ಅಕ್ಕ ಬಂದರೆ ಕಾಫಿ ಕುಡಿದು ಹೋಗಲಿ ಅಂತಿದ್ದರು, ಅಷ್ಟೇ. ಇಷ್ಟ ಅನ್ನೋದು ಹತ್ತಿರ ಇಟ್ಕೊಂಡ್ರೆ ಬೆಳೆಯುತ್ತೆ ಕಣೋ. ಹೊಸದನ್ನೂ ಒಂದು ತಿಂಗಳು ಬೈದುಕೊಂಡು ಓಡಿಸು. ಮಗಳನ್ನ ಮಾತ್ರ ಕಳಿಸಬೇಡ."

ಮಾರನೇ ದಿನ ಮೇಷ್ಟ್ರು, "ಕ್ಷೌರಕ್ಕೆ ಹೋಗಿ ಬರ್ತೀನಿ" ಎಂದು ಹೇಳಿ ನಡೆದೇ ಹೊರಟರು. ಹೋದದ್ದು ಕಾರಿನ ಶೋರೂಮಿಗೆ. ಅಳಿಲಿನಲ್ಲಿ ಅಲ್ಲಿಗೆ ಹೋಗಿ ನಿಲ್ಲಿಸಲು ಅವರಿಗೆ ಮನಸ್ಸಾಗಲಿಲ್ಲ. ಮಗಳಿಗೆ ಗೊತ್ತಾಗದ ಹಾಗೆ ಒಂದು ಕಾರು ಗೊತ್ತುಮಾಡಿ, ತಾವೇ ಓಡಿಸಿಕೊಂಡು ಬಂದು ಬಾಗಿಲಲ್ಲಿ ಹಾರ್ನು ಹೊಡೆಯಬೇಕು ಎಂಬುದು ಅವರ ಲೆಕ್ಕಾಚಾರ.

ಗಾಜಿನ ಬಾಗಿಲು ತೆರೆದು ಕೋಟು ತೊಟ್ಟ ಒಬ್ಬ ಸೇಲ್ಸ್‌ಮನ್ ಓಡೋಡಿ ಬಂದ.

"ಮೇಷ್ಟ್ರೇ! ನೀವು ಇಲ್ಲಿ? ನನ್ನ ಗುರುತು ಸಿಕ್ತಾ? ನೀಲಿ ಅಳಿಲಿನ ಕಾಲದಲ್ಲಿ ಕಲಿತವನು. ಕ್ಲಚ್ಚು ಬಿಡೋಕೆ ಬರ್ತಿರಲಿಲ್ಲ, ನೀವು ಕಪ್ಪೆ ಅಂತ ಹೆಸರಿಟ್ಟಿದ್ರಿ."

"ಓ, ಕಪ್ಪೆ!" ಎಂದು ಮೇಷ್ಟ್ರ ಮುಖ ಅರಳಿತು. "ಈಗಲೂ ಕುಪ್ಪಳಿಸ್ತೀಯಾ?"

ಕಪ್ಪೆ ನಗುತ್ತಾ ಬೂದು ಬಣ್ಣದ ಒಂದು ಕಾರಿನತ್ತ ಕರೆದುಕೊಂಡು ಹೋದ. ಅಂಗಡಿಯ ಮುಂದೆ, ಬಲೂನುಗಳ ಕಮಾನಿಗೆ ಮುಖ ಮಾಡಿ ಅದು ನಿಂತಿತ್ತು. ಮೊದಲು ತಾನೇ ಸ್ಟಿಯರಿಂಗ್ ಹಿಡಿದು, ಎಂಜಿನ್ನಿನ ಸದ್ದು ಕೇಳಿಸುತ್ತೇನೆ ಎಂದ. ಬೆಲ್ಟು ಹಾಕಿದ, ಕನ್ನಡಿ ನೋಡಿದ. ಆಮೇಲೆ, ಮಾತಾಡುತ್ತಲೇ, ಡ್ಯಾಶ್‌ಬೋರ್ಡನ್ನು ಎರಡು ಸಲ ತಟ್ಟಿ ಕೀಲಿ ತಿರುಗಿಸಿದ.

"ಈ ಕಾರಿಗೂ ತಟ್ಟಬೇಕಾ?" ಎಂದರು ಮೇಷ್ಟ್ರು. ದನಿ ಸಣ್ಣದಾಗಿತ್ತು.

"ಏನು ತಟ್ಟೋದು ಸಾರ್?" ಎಂದ ಕಪ್ಪೆ. ತಾನು ತಟ್ಟಿದ್ದು ಅವನಿಗೇ ಗೊತ್ತಿರಲಿಲ್ಲ.

ಮೇಷ್ಟ್ರ ಕಣ್ಣು ತುಂಬಿಬಂತು. ಅದೇ ಖುಷಿಯಲ್ಲಿ ಅವರು ಜಾಗ ಬದಲಾಯಿಸಿ ಸ್ಟಿಯರಿಂಗ್ ಹಿಂದೆ ಕೂತರು. "ನಿಧಾನಕ್ಕೆ ಹಿಂದಕ್ಕೆ ತೆಗೀರಿ ಸಾರ್, ರೋಡಿಗೆ ಹೋಗೋಣ" ಎಂದ ಕಪ್ಪೆ. ಇಡೀ ಊರಿಗೆ ಕಾರು ಕಲಿಸಿದ ಕೈ, ಕಣ್ಣಿನ ಸಹಾಯವಿಲ್ಲದೆ, ಕೋಲನ್ನು ಎಡಕ್ಕೆ ಒತ್ತಿ ಮೇಲಕ್ಕೆ ತಳ್ಳಿತು.

ಕಾರು ಮುಂದಕ್ಕೆ ನುಗ್ಗಿತು. ಬಲೂನುಗಳು ಪಟಪಟನೆ ಒಡೆದವು. ಕಮಾನು ಕಾರಿನ ಮೇಲೆಯೇ ಮಲಗಿತು. ಅಂಗಡಿಯವರೆಲ್ಲ ಹೊರಗೆ ಓಡಿಬಂದರು. ಮೇಷ್ಟ್ರು ಇಂಗು ತಿಂದ ಮಂಗನ ಹಾಗೆ ಸ್ಟಿಯರಿಂಗ್ ಹಿಡಿದು ಕೂತಿದ್ದರು.

"ಪರವಾಗಿಲ್ಲ ಸಾರ್, ಬಲೂನು ತಾನೆ" ಎಂದು ಕಪ್ಪೆ ಅವರ ಕೈ ಹಿಡಿದು ಇಳಿಸಿಕೊಂಡ. "ನಾನು ನನ್ನ ಮೊದಲ ಕಾರಲ್ಲಿ ಮಾವನ ಮನೆ ಗೋಡೆಗೇ ಗುದ್ದಿದ್ದೆ. ನಿಮ್ಮ ಹತ್ರ ಕಲಿತವರೆಲ್ಲ ಒಂದು ಸಲ ಎಲ್ಲಾದ್ರೂ ಗುದ್ದೇ ಗುದ್ದಿರ್ತೀವಿ. ನಾವು ನಾವು ಸಿಕ್ಕಾಗ ನೀನು ಯಾವುದಕ್ಕೆ ಗುದ್ದಿದೆ ಅಂತ ಕೇಳ್ಕೊಂಡು ನಗ್ತೀವಿ."

"ನನಗೆ ಯಾರೂ ಹೇಳಲಿಲ್ಲವಲ್ಲೋ."

"ನಿಮಗೆ ಅಳಿಲಿನ ಬಗ್ಗೆ ಹೇಳೋ ಧೈರ್ಯ ಯಾರಿಗಿದೆ ಸಾರ್?"

ಧೈರ್ಯ ಒಬ್ಬಳಿಗೆ ಇತ್ತು. ಅವಳ ಜೊತೆ ಅವರು ಎರಡು ವಾರದಿಂದ ಮಾತು ಬಿಟ್ಟಿದ್ದರು. ಮನೆಯ ತನಕ ನಡೆದು ಬರುವಾಗ ಮೇಷ್ಟ್ರಿಗೆ ಕಂಡ ಕಂಡ ಗೋಡೆಯ ಮೂಲೆಗಳು, ಸೊಟ್ಟಗಾದ ಗೇಟುಗಳೆಲ್ಲ ತಮ್ಮ ಶಿಷ್ಯರದ್ದೇ ಕೆಲಸವಿರಬೇಕು ಅನ್ನಿಸಿ ನಾಚಿಕೆಯಾಯಿತು.

ಮನೆಯಲ್ಲಿ ಹೆಂಡತಿ ಅವರ ತಲೆ ನೋಡಿದಳು. "ಕ್ಷೌರದವನು ಏನು ಕತ್ತರಿಸಿದ, ಗಾಳೀನಾ?" ಎಂದಳು. ಮೇಷ್ಟ್ರು ಸೀದಾ ಕೈಕಾಲು ತೊಳೆಯಲು ಹೋದರು. ಆದರೆ ಅವರ ಅಂಗಿಯ ಕಾಲರಿನ ಹಿಂದೆ ಹಳದಿ ಬಲೂನಿನ ಒಂದು ಚೂರು ಅಂಟಿಕೊಂಡಿತ್ತು. ಊಟದ ಹೊತ್ತಿಗೆ ಮಗಳು ಅದನ್ನು ಕಂಡು ಕೈಚಾಚಿ ತೆಗೆದಳು. ಅವರ ತಟ್ಟೆಯ ಪಕ್ಕದಲ್ಲಿಟ್ಟಳು.

"ಶೋರೂಮಿಗೆ ಹೋಗಿದ್ದೆ" ಎಂದರು ಮೇಷ್ಟ್ರು. ಹೆಂಡತಿಯ ಕಡೆ ನೋಡಲಿಲ್ಲ, ನೇರವಾಗಿ ಮಗಳಿಗೇ ಹೇಳಿದರು. "ಹಿಂದಕ್ಕೆ ತೆಗೆಯೋಕೆ ಹೋಗಿ ಮುಂದಕ್ಕೆ ಹೋದೆ."

ಯಾರೂ ನಗಲಿಲ್ಲ. ಅಜ್ಜಿ ಕೂಡ.

"ಹಲ್ಲಿನ ಡಾಕ್ಟರಮ್ಮನ ತಪ್ಪಲ್ಲ" ಎಂದರು ಮತ್ತೆ. "ನೀನು ಹೇಳಿದ್ದು ಸರಿ. ಆ ಬೂದು ಕಾರನ್ನ ಗೊತ್ತುಮಾಡಿ ಬಂದಿದೀನಿ, ಸ್ಕೂಲಿಗೆ. ನೀನು ಆ ಕಡೆ ಹೋಗೋದೇ ಆದ್ರೂ ಪರವಾಗಿಲ್ಲ, ಹೋಗೋ ಮೊದಲು ನನಗೆ ಅದನ್ನ ಕಲಿಸಿಕೊಡ್ತೀಯಾ?"

ಮಗಳು ತಟ್ಟೆಯಲ್ಲಿದ್ದ ಬ್ರೆಡ್ಡನ್ನು ಚೂರು ಚೂರು ಮಾಡುತ್ತಾ ಕೂತಳು.

"ಹೋಗೋ ಮೊದಲು ಅಂದ್ರೆ ಆಗಲ್ಲ" ಎಂದಳು. "ನಿಮ್ಮ ಕೈಗೆ ಅಷ್ಟು ವರ್ಷದ ಅಭ್ಯಾಸ. ಬಿಡಿಸೋಕೆ ತುಂಬ ಕಾಲ ಬೇಕು. ಇಲ್ಲೇ ಇದ್ದು ಕಲಿಸಬೇಕಾಗುತ್ತೆ."

"ಇರು" ಎಂದರು ಮೇಷ್ಟ್ರು.

"ನಾನು ಬೈತೀನಿ."

"ಬೈಯಿ."

"ಹೆಸರೂ ಇಡ್ತೀನಿ."

"ಬಲೂನು ಅಂತ ಇಡೇ" ಎಂದಿತು ಅಜ್ಜಿ. ಆಗ ನಕ್ಕರು ಎಲ್ಲರೂ. ಮೇಷ್ಟ್ರ ಹೆಂಡತಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡು, ತಾನೇ ಎದ್ದು ಎಲ್ಲರಿಗೂ ಇನ್ನೊಂದು ಸಲ ಬಡಿಸಿದಳು.

ಕೆಂಪು ಅಳಿಲನ್ನು ಒಯ್ಯಲು ಬಂದದ್ದು ಪಕ್ಕದ ಊರಿನ ಗುಜರಿಯವನೇ. ಅದನ್ನು ಜಜ್ಜುವುದಿಲ್ಲ, ಇನ್ನೂ ಅಲ್ಲಲ್ಲಿ ಓಡುತ್ತಿರುವ ಅಳಿಲುಗಳಿಗೆ ಇದರ ಭಾಗಗಳು ಬೇಕು ಎಂದ. ಹೆಂಡತಿ ಡ್ಯಾಶ್‌ಬೋರ್ಡಿನ ಖಾನೆ ಖಾಲಿ ಮಾಡಿದಳು. ಹಲ್ಲು ಮುರಿದ ಬಾಚಣಿಗೆ, ಬರೆಯದ ಪೆನ್ನು, ಮಗಳು ಚಿಕ್ಕವಳಿದ್ದಾಗ ಹಾಕುತ್ತಿದ್ದ ಒಂಟಿ ಕಾಲುಚೀಲ. ನೀಲಿ ಕಾರಿನಿಂದ ಕೆಂಪಿಗೆ ಅದು ಹೇಗೆ ಬಂತೋ ಯಾರಿಗೂ ತಿಳಿಯಲಿಲ್ಲ. ಅಜ್ಜಿ ಕಾರಿನ ಸುತ್ತ ಒಂದು ಸಲ ನಡೆದು ಬಂತು. ಮೇಷ್ಟ್ರು ಒಳಗೆ ಕೂತು, ತಟ್ಟಿ, ಕೊನೆಯ ಸಲ ಹೊರಡಿಸಿ, ಎಡಕ್ಕೆ ಒತ್ತಿ ಮೇಲಕ್ಕೆ ತಳ್ಳಿ ಅಂಗಳದಿಂದ ಹಿಂದಕ್ಕೆ ತೆಗೆದು ಅವನಿಗೆ ಒಪ್ಪಿಸಿದರು. ಅದು ತಿರುವು ದಾಟುವ ತನಕ ನಾಲ್ವರೂ ಗೇಟಿನಲ್ಲಿ ನಿಂತಿದ್ದರು. ಆ ಸಂಜೆ ನಿವೃತ್ತ ನರ್ಸು ಬಂದು ಖಾಲಿ ಅಂಗಳ ನೋಡಿ, ಮನೆ ತಪ್ಪಿತೇನೋ ಎಂದು ಮುಂದೆ ಹೋಗಿಬಿಟ್ಟಳು.

ಬೂದು ಕಾರು ಬಂದ ಮೇಲಿನ ಮೊದಲ ಭಾನುವಾರ ಬೆಳಿಗ್ಗೆ ಪಾಠ ಶುರುವಾಯಿತು. ಸ್ಟಿಯರಿಂಗ್ ಹಿಂದೆ ಮೇಷ್ಟ್ರು, ಪಕ್ಕದಲ್ಲಿ ಮಗಳು, ಹಿಂದೆ ಅಜ್ಜಿ ಮತ್ತು ಹೆಂಡತಿ. ಕಾರಿನ ಮೂತಿ ಮನೆಯ ಕಿಟಕಿಗೆ ಎದುರಾಗಿತ್ತು. ಅಂಗಳದಿಂದ ಹಿಂದಕ್ಕೆ ತೆಗೆಯಬೇಕು.

"ಕೈನ ನಂಬಬೇಡಿ, ಕಣ್ಣಿಂದ ನೋಡಿ" ಎಂದಳು ಮಗಳು. "ರಿವರ್ಸ್ ಎಲ್ಲಿದೆ?"

"ಬಲಗಡೆ ತುದಿ. ಕೆಳಕ್ಕೆ."

"ಇನ್ನೊಂದು ಸಲ ಹೇಳಿ."

"ಬಲಗಡೆ ತುದಿ, ಕೆಳಕ್ಕೆ. ಕಿವುಡಿ ಏನೇ ನೀನು?"

"ಬಲೂನು, ಎದುರು ಮಾತಾಡೋ ಹಾಗಿಲ್ಲ."

ಮೇಷ್ಟ್ರು ಬೆಲ್ಟು ಹಾಕಿದರು. ಕನ್ನಡಿ ಸರಿಮಾಡಿದರು. ಕ್ಲಚ್ಚು ಒತ್ತಿದರು. ಅಂಗೈ ತಾನಾಗಿಯೇ ಎದ್ದಿತು. ಎದ್ದದ್ದನ್ನು ಅವರೇ ಹಿಡಿದು, ತೊಡೆಯ ಮೇಲೆ ಇಟ್ಟುಕೊಂಡರು. ಹೊಸ ಕಾರು, ಹೊಸ ಮೇಷ್ಟ್ರು, ಜನ ನಗುವ ಹಳೆಯ ಅಭ್ಯಾಸ ಇನ್ನು ಬೇಡ. ಅವರು ಕೀಲಿಗೆ ಕೈ ಹಾಕಿದರು.

"ನಿಲ್ಲಿ" ಎಂದಳು ಮಗಳು. "ಏನೋ ಮರೆತ್ರಿ."

ಮೇಷ್ಟ್ರು ಬೆಲ್ಟು ಮುಟ್ಟಿ ನೋಡಿಕೊಂಡರು, ಕನ್ನಡಿ ನೋಡಿದರು, ಹ್ಯಾಂಡ್‌ಬ್ರೇಕು ನೋಡಿದರು. "ಎಲ್ಲಾ ಆಯ್ತಲ್ಲ."

"ಅಪ್ಪ, ಕಾರಿಗೆ ಹೇಳಿಲ್ಲ."

ಅವಳು ಕೈಚಾಚಿ ಡ್ಯಾಶ್‌ಬೋರ್ಡನ್ನು ಎರಡು ಸಲ ತಟ್ಟಿದಳು.

ಸ್ವಲ್ಪ ಹೊತ್ತು ಮೇಷ್ಟ್ರಿಗೆ ಕನ್ನಡಿಯಲ್ಲಿ ಏನೂ ಸರಿಯಾಗಿ ಕಾಣಲಿಲ್ಲ. ಕಣ್ಣು ಒರೆಸಿಕೊಂಡು, ಕೀಲಿ ತಿರುಗಿಸಿ, ಕೋಲನ್ನು ನೋಡಿ, ಬಲಗಡೆಯ ತುದಿಗೆ ಸರಿಸಿ ಕೆಳಕ್ಕೆ ಎಳೆದರು. ಹಿಂದೆ ಅಜ್ಜಿ ಗಟ್ಟಿಯಾಗಿ ಕಣ್ಣು ಮುಚ್ಚಿ ಸೊಸೆಯ ಕೈ ಹಿಡಿದುಕೊಂಡಿತ್ತು.

"ಯಾವ ಕಡೆ ಹೋಗ್ತಿದೀವೋ?"

"ಹಿಂದಕ್ಕೇ ಅಮ್ಮ" ಎಂದರು ಮೇಷ್ಟ್ರು. ಕಾರು ಕಿಟಕಿಯಿಂದ ದೂರ ಸರಿದು, ಗೇಟು ದಾಟಿ, ಬೀದಿಗೆ ಇಳಿಯಿತು.